ಬಾಗಿಲುವಾಡದ ಗೆರೆ ಯಾರದು?

ದಕ್ಷಿಣ ಬೆಂಗಳೂರಿನಲ್ಲಿ ಹಳೆಯ ಮನೆ ಕೆಡವುವುದಕ್ಕೆ ಒಂದು ಕ್ರಮವಿದೆ. ಮೊದಲು ಬಾಗಿಲು ಕಿಟಕಿಗಳು ಹೊರಗೆ ಬರುತ್ತವೆ, ಆಮೇಲೆ ಗ್ರಿಲ್ಲು, ಕೊನೆಗೆ ಚಾವಣಿ ಮತ್ತು ಗೋಡೆ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದರ ಮೊದಲ ಎರಡು ದಶಕಗಳಲ್ಲಿ ಎದ್ದ ಮನೆಗಳು ಈಗ ಒಂದೊಂದಾಗಿ ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಡುತ್ತಿವೆ. ಫುಟ್‌ಪಾತಿನ ಮೇಲೆ ಒರಗಿಸಿಟ್ಟ ತೇಗದ ಬಾಗಿಲುವಾಡಗಳನ್ನು ಹಳೇ ಮರದ ವ್ಯಾಪಾರಿ ಟೇಪು ಹಿಡಿದು ಅಳೆಯುತ್ತಾನೆ. ಬೆಲೆ ಘನ ಅಡಿಯ ಲೆಕ್ಕ. ಈ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. ಬಾಗಿಲುವಾಡದ ಅಂಚಿನುದ್ದಕ್ಕೂ ಓಡುವ ಆ ಗೆರೆ, ಅಂದರೆ ಒಂದು ಉಬ್ಬು, ಒಂದು ಸಣ್ಣ ಮೆಟ್ಟಿಲು, ಅದರ ಪಕ್ಕಕ್ಕೊಂದು ತಗ್ಗು, ಮರದ ಬೆಲೆಯನ್ನು ಏರಿಸುವುದಿಲ್ಲ. ಮರವನ್ನು ಸೀಳಿ ಹೊಸ ಕೆಲಸಕ್ಕೆ ಬಳಸುವಾಗ ಮೊದಲು ಹಾರಿಹೋಗುವುದೇ ಆ ಅಂಚು. ವ್ಯಾಪಾರಿಯ ಮಟ್ಟಿಗೆ ಅದು ನಷ್ಟದ ಬಾಬತ್ತು.

ಈ ಗೆರೆಗೆ ಅಂಗಡಿಯಲ್ಲಿ ಇವತ್ತು ಮೋಲ್ಡಿಂಗ್ ಅಥವಾ ಬೀಡಿಂಗ್ ಎಂದು ಹೆಸರು. ನಾನು ಗೆರೆ ಎಂದೇ ಕರೆಯುತ್ತೇನೆ. ವ್ಯಾಪಾರಿ ಅದನ್ನು ನಷ್ಟಕ್ಕೆ ಬರೆದುಕೊಂಡರೆ ಅವನನ್ನು ದೂರುವ ಹಾಗಿಲ್ಲ, ಅವನ ಲೆಕ್ಕ ಬೇರೆ. ನನ್ನ ತಕರಾರು ಇರುವುದು ಕುಶಲಕರ್ಮದ ಬಗ್ಗೆ ಬರೆಯುವ, ಓದುವ ನಮ್ಮ ಜೊತೆಗೆ. ಕೈಕೆಲಸದ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆಯೇನಿಲ್ಲ. ಆದರೆ ಅದರಲ್ಲಿ ಬಹುಪಾಲು ‘ಕೈ ಮತ್ತು ಯಂತ್ರ’ ಎಂಬ ಒಂದೇ ಜೋಡಿಯ ಮೇಲೆ ನಿಂತಿದೆ. ಆ ಜೋಡಿಯನ್ನು ಹಿಡಿದು ಹೋದರೆ ಬಾಗಿಲುವಾಡದ ಗೆರೆಯನ್ನು ಓದಲು ಆಗುವುದಿಲ್ಲ ಎಂಬುದು ನನ್ನ ವಾದ. ಯಾಕೆಂದರೆ ಅದನ್ನು ಎಳೆದ ಉಪಕರಣ ಈ ಎರಡರಲ್ಲಿ ಯಾವ ಕಡೆಗೂ ಪೂರ್ತಿ ಸೇರುವುದಿಲ್ಲ.

*

ಆ ಉಪಕರಣ ಮರದ ಹತ್ತರಿ. ಕೀಸುಳಿ, ಉಜ್ಜುಗೊರಡು ಎಂದೂ ಅದಕ್ಕೆ ಹೆಸರಿದೆ. ಬೆಂಗಳೂರಿನ ಕೆಲಸದ ಜಾಗಗಳಲ್ಲಿ ಈಗ ಹೆಚ್ಚಾಗಿ ಕೇಳುವುದು ಉತ್ತರದಿಂದ ಬಂದ ಬಡಗಿಗಳ ‘ರಂದಾ’. ಹಲಗೆಯನ್ನು ನಯ ಮಾಡುವ ಸಾಮಾನ್ಯ ಹತ್ತರಿ ಎಲ್ಲರೂ ಕಂಡದ್ದೇ. ಅದರ ತಳ ಚಪ್ಪಟೆ, ಅಲಗಿನ ಬಾಯಿ ನೇರ. ಮೋಲ್ಡಿಂಗ್ ಹತ್ತರಿ ಅದರ ಸೋದರ ಸಂಬಂಧಿ. ಅದರ ತಳ ಚಪ್ಪಟೆಯಲ್ಲ. ಮರದ ಮೇಲೆ ಯಾವ ಗೆರೆ ಮೂಡಬೇಕೋ ಅದರ ತಿರುವುಮುರುವು ರೂಪ ಅದರ ತಳದಲ್ಲೇ ಇರುತ್ತದೆ. ಅಲಗಿನ ಬಾಯಿಯನ್ನೂ ಅದೇ ಆಕಾರಕ್ಕೆ ಅರದಿಂದ ಉಜ್ಜಿರುತ್ತಾರೆ. ಅಲಗನ್ನು ಬಿಗಿಹಿಡಿಯುವುದು ಒಂದು ಮರದ ಬೆಣೆ, ಅಷ್ಟೆ. ಸ್ಕ್ರೂ ಇಲ್ಲ, ತಿರುಪು ಇಲ್ಲ. ಇಂಗ್ಲೆಂಡಿನಲ್ಲಿ 18 ಮತ್ತು 19ನೇ ಶತಮಾನಗಳಲ್ಲಿ ಇವನ್ನು ಬೀಚ್ ಮರದಿಂದ ಸುಮಾರು ಒಂಬತ್ತೂವರೆ ಅಂಗುಲ ಉದ್ದಕ್ಕೆ ಮಾಡುತ್ತಿದ್ದರು. ಬೀಚ್ ನಮ್ಮ ಕಾಡಿನ ಮರವಲ್ಲ. ಇಲ್ಲಿ ಬೀಟೆ, ಜಾಲಿಯಂಥ ಗಟ್ಟಿ ಮರಗಳು ಆ ಜಾಗ ತುಂಬಿದವು.

ಇಂಥ ಹತ್ತರಿಗಳಲ್ಲಿ ಎರಡು ಬಗೆ. ಒಂದು, ಇಡೀ ಗೆರೆಯನ್ನು ಒಂದೇ ತಳದಲ್ಲಿ ಹೊತ್ತದ್ದು. ಅಂಚಿಗೆ ತಾಗಿ ನಡೆಯಲು ಒಂದು ತಡೆ, ಇಷ್ಟೇ ಆಳ ಎಂದು ನಿಲ್ಲಿಸಲು ಇನ್ನೊಂದು ತಡೆ, ಎರಡೂ ಅದರ ಮೈಯಲ್ಲೇ ಇರುತ್ತವೆ. ಅದು ಒಂದೇ ಒಂದು ಗೆರೆ ಎಳೆಯುತ್ತದೆ, ಬೇರೆ ಏನನ್ನೂ ಎಳೆಯದು. ಎರಡನೆಯದು ಜೋಡಿ ಹತ್ತರಿಗಳು: ಒಂದರ ತಳ ತಗ್ಗು, ಇನ್ನೊಂದರದ್ದು ಉಬ್ಬು. ತಗ್ಗು ತಳದ್ದು ಮರದ ಮೇಲೆ ಉಬ್ಬನ್ನು ಬಿಡುತ್ತದೆ, ಉಬ್ಬು ತಳದ್ದು ತಗ್ಗನ್ನು. ಇವಕ್ಕೆ ತಡೆ ಇಲ್ಲ. ಬೇರೆ ಬೇರೆ ಅಗಲದ ಇಂಥ 18 ಜೋಡಿ ಸೇರಿದರೆ ಇಂಗ್ಲಿಷ್ ಬಡಗಿಯ ಪೂರ್ಣ ಸೆಟ್ಟು, ಒಟ್ಟು 36 ಹತ್ತರಿ. ಒಂಬತ್ತು ಜೋಡಿಯಾದರೆ ಅರ್ಧ ಸೆಟ್ಟು. ವೃತ್ತದ ತುಣುಕುಗಳಿಂದ ಕೂಡಿಸಬಹುದಾದ ಗೆರೆಗಳೆಲ್ಲ ಅಷ್ಟರೊಳಗೆ ಬರುತ್ತವೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಛಂದಸ್ಸು ನೆನಪಾಗದೆ ಇರದು. ಮೊದಲ ಬಗೆ ಷಟ್ಪದಿಯ ಹಾಗೆ, ಅಚ್ಚು ಮೊದಲೇ ಸಿದ್ಧ. ಎರಡನೆಯದು ಲಘು ಗುರುಗಳ ಹಾಗೆ, ಎರಡೇ ಘಟಕ, ಸಂಯೋಜನೆ ಕೆಲಸಗಾರನದು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಛಂದಸ್ಸು ಬಳಸಿದಷ್ಟೂ ಸವೆಯುವುದಿಲ್ಲ, ಹತ್ತರಿ ಸವೆಯುತ್ತದೆ. ಪ್ರತಿ ಸಲ ಅಲಗನ್ನು ಸಾಣೆ ಹಿಡಿದಾಗಲೂ ಅದರ ಆಕಾರ ತಳದ ಆಕಾರದಿಂದ ಕೂದಲೆಳೆಯಷ್ಟು ದೂರ ಸರಿಯುತ್ತದೆ, ಮತ್ತೆ ಹೊಂದಿಸಬೇಕು. ಬೇಗ ಸವೆಯುವ ಸಣ್ಣ ಮೂಲೆಗಳಲ್ಲಿ ಬಾಕ್ಸ್‌ವುಡ್‌ನಂಥ ಇನ್ನಷ್ಟು ಗಟ್ಟಿ ಮರದ ಪಟ್ಟಿ ಕೂರಿಸುತ್ತಿದ್ದುದು ಇದೇ ಕಾರಣಕ್ಕೆ.

*

ಜೋಡಿ ಹತ್ತರಿಯಲ್ಲಿ ಕೆಲಸ ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ.

ತಡೆ ಇಲ್ಲದ ಹತ್ತರಿಯನ್ನು ಬರಿಯ ಮರದ ಮೇಲೆ ಇಟ್ಟರೆ ಅದು ಅತ್ತಿತ್ತ ಜಾರುತ್ತದೆ. ಆದ್ದರಿಂದ ಮೊದಲು ಗೆರೆಯ ಆಕಾರವನ್ನು ಮರದ ತುದಿಯಲ್ಲಿ ಬರೆದುಕೊಳ್ಳುತ್ತಾರೆ. ಆ ಆಕಾರದ ಹೊರಗಿರುವ ಮರವನ್ನು ಚೌಕ ಚೌಕವಾಗಿ, ಮೆಟ್ಟಿಲುಗಳ ಹಾಗೆ ತೆಗೆಯುತ್ತಾರೆ. ಆಮೇಲೆ ಉಬ್ಬು ಬರಬೇಕಾದ ಕಡೆ ಮೂಲೆಯನ್ನು ಓರೆಯಾಗಿ ಕೆತ್ತುತ್ತಾರೆ. ಈಗ ಹತ್ತರಿಗೆ ಕೂರಲು ಎರಡು ಅಂಚುಗಳು ಸಿಕ್ಕವು, ರೈಲಿಗೆ ಎರಡು ಕಂಬಿ ಸಿಕ್ಕ ಹಾಗೆ. ಹತ್ತರಿ ಆ ಅಂಚುಗಳ ಮೇಲೆ ಓಡುತ್ತದೆ, ಓಡುತ್ತಾ ಅವನ್ನೇ ತಿನ್ನುತ್ತದೆ. ಎರಡು ಅಂಚೂ ಕರಗಿ ತಳ ಪೂರ್ತಿ ಮರಕ್ಕೆ ತಾಗುವ ಹೊತ್ತಿಗೆ ಗೆರೆ ಮುಗಿದಿರುತ್ತದೆ. ಕೊನೆಯ ಸುರುಳಿ ಗೆರೆಯಷ್ಟೇ ಅಗಲವಾಗಿ, ಎಲ್ಲೂ ಹರಿಯದೆ, ಹತ್ತರಿಯ ಪಕ್ಕದಿಂದ ಹೊರಬರುತ್ತದೆ. ಶುರು ಮಾಡುವುದು ಮರದ ದೂರದ ತುದಿಯಿಂದ. ಅಲ್ಲಿ ಗಿಡ್ಡ ಹೊಡೆತಗಳು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಬಂದು, ಕೊನೆಗೆ ಪೂರ್ತಿ ಉದ್ದದ ಹೊಡೆತ.

ಇದರಲ್ಲಿ ಕೈಯ ಕೌಶಲ ಎಷ್ಟು? ಇದೆ, ಆದರೆ ನಾವು ಊಹಿಸುವ ಜಾಗದಲ್ಲಿಲ್ಲ. ನೂಕುವ ತೋಳಿನಲ್ಲಿ ಮಾಯೆ ಏನೂ ಇಲ್ಲ. ಕೌಶಲ ಎರಡು ಕಡೆ ಹಂಚಿಹೋಗಿದೆ: ಮುಂಚೆ ಮಾಡಿಕೊಂಡ ಮೆಟ್ಟಿಲುಗಳ ಲೆಕ್ಕದಲ್ಲಿ, ಮತ್ತು ಹತ್ತರಿಯನ್ನು ತಯಾರಿಸಿದವನ ಕೆಲಸದಲ್ಲಿ.

ಆ ಎರಡನೆಯದನ್ನು ನೋಡಿ. ಹತ್ತರಿ ಮಾಡುವವನು ಬಹುಕಾಲ ಒಣಗಿದ, ಎಳೆ ನೇರವಾಗಿರುವ ತುಂಡನ್ನೇ ಆರಿಸಬೇಕು, ಇಲ್ಲದಿದ್ದರೆ ಮಳೆಗಾಲಕ್ಕೊಂದು ಆಕಾರ, ಬೇಸಿಗೆಗೊಂದು. ಅಲಗು ಕೂರುವ ಓರೆಯನ್ನು ಮೊದಲು ನಿರ್ಧರಿಸಬೇಕು. ಮೆದು ಮರಕ್ಕೆ 45 ಡಿಗ್ರಿ ಸಾಕು. ಎಳೆ ತಿರುಚಿಕೊಂಡ ಗಟ್ಟಿ ಮರಕ್ಕೆ 55 ಅಥವಾ 60ರವರೆಗೆ ನೆಟ್ಟಗೆ ನಿಲ್ಲಿಸಬೇಕು, ಇಲ್ಲವಾದರೆ ಎಳೆ ಕಿತ್ತು ಬರುತ್ತದೆ. ಅಲಗು ಹೀಗೆ ಓರೆಯಾಗಿ ಕೂರುವುದರಿಂದ ತಳದ ಆಕಾರವನ್ನು ನೇರವಾಗಿ ಅದರ ಮೇಲೆ ನಕಲು ಮಾಡಿದರೆ ಹೊಂದುವುದಿಲ್ಲ. ಅಲಗಿನ ಮೇಲಿನ ಆಕಾರ ತುಸು ನೀಳವಾಗಿರಬೇಕು. ಉಕ್ಕನ್ನು ಅರದಿಂದ ಉಜ್ಜಿ, ಆಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಒಣಹುಲ್ಲಿನ ಬಣ್ಣ ಬರುವವರೆಗೆ ಹದವಾಗಿ ಕಾಯಿಸಿ ಪೆಡಸುತನ ಇಳಿಸಬೇಕು. ಇನ್ನು ತಳ. ಉಬ್ಬು ತಳವನ್ನು ಕೊರೆಯಲು ತಗ್ಗು ತಳದ ಹತ್ತರಿ ಬೇಕು, ತಗ್ಗು ತಳಕ್ಕೆ ಉಬ್ಬು ತಳದ್ದು. ಒಂದು ಹತ್ತರಿ ಇನ್ನೊಂದನ್ನು ಹೆರುತ್ತದೆ.

ಆಕಾರದ ಬಗೆಗಿನ ಎಲ್ಲ ತೀರ್ಮಾನಗಳೂ ಇಲ್ಲಿ ನಡೆದುಹೋಗಿವೆ. ಬಾಗಿಲುವಾಡದ ಮೇಲೆ ನಡೆಯುವುದು ಆ ತೀರ್ಮಾನಗಳ ಪುನರಾವರ್ತನೆ.

*

ಕೈಕೆಲಸದ ಬಗ್ಗೆ ಇವತ್ತಿಗೂ ನಾವು ಆಡುವ ಮಾತಿನ ಹಿಂದೆ ಜಾನ್ ರಸ್ಕಿನ್ ಇದ್ದಾನೆ, ಹೆಸರು ಗೊತ್ತಿರಲಿ ಬಿಡಲಿ. 1853ರಲ್ಲಿ ‘ದಿ ಸ್ಟೋನ್ಸ್ ಆಫ್ ವೆನಿಸ್’ ಕೃತಿಯ ಗಾಥಿಕ್ ಶೈಲಿಯ ಅಧ್ಯಾಯದಲ್ಲಿ ಅವನು ಒಂದು ತೀಕ್ಷ್ಣ ಮಾತನ್ನು ಮುಂದಿಟ್ಟ. ಅಲಂಕಾರದಲ್ಲಿ ಜ್ಯಾಮಿತಿಯ ನಿಖರತೆಯನ್ನು ಕೇಳುವುದೆಂದರೆ ಕೆಲಸಗಾರನನ್ನು ಗುಲಾಮನಾಗಿಸುವುದು. ಒರಟುತನಕ್ಕೆ, ತಪ್ಪಿಗೆ ಜಾಗ ಕೊಟ್ಟರೆ ಮಾತ್ರ ಅವನು ಮನುಷ್ಯನಾಗಿ ಉಳಿಯುತ್ತಾನೆ. ಗಾಂಧಿ 1904ರಲ್ಲಿ ಓದಿ ಬದಲಾದದ್ದು ಇದೇ ರಸ್ಕಿನ್‌ನ ಇನ್ನೊಂದು ಪುಸ್ತಕ. ಅಲ್ಲಿಂದ ಖಾದಿ, ಗ್ರಾಮೋದ್ಯೋಗಗಳ ಮೂಲಕ ಒಂದು ಎಳೆ ನಮ್ಮ ಕಾಲದ ಕನ್ನಡಕ್ಕೂ ಬರುತ್ತದೆ. ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂದು ಪುಸ್ತಕ ಬರೆದ ಪ್ರಸನ್ನ, 2017ರಲ್ಲಿ ಕೈ ಉತ್ಪನ್ನಗಳ ಮೇಲಿನ ಜಿಎಸ್‌ಟಿಯನ್ನು ವಿರೋಧಿಸಿ ಬೆಂಗಳೂರಿನಲ್ಲೇ ಸತ್ಯಾಗ್ರಹ ಕೂತರು. ಆ ಹೋರಾಟದ ನೈತಿಕ ಬಲವನ್ನು ನಾನು ಒಪ್ಪುತ್ತೇನೆ. ತೆರಿಗೆಯ ಪ್ರಶ್ನೆಯಲ್ಲಿ ಕೈ ಮತ್ತು ಯಂತ್ರದ ನಡುವೆ ಗೆರೆ ಎಳೆಯುವುದು ಅಗತ್ಯವೂ ಹೌದು.

ಆದರೆ ಚಳವಳಿಗೆ ಬೇಕಾದ ವಿಭಜನೆ ವಿಮರ್ಶೆಗೂ ಸಾಕಾಗುತ್ತದೆ ಎಂದೇನಿಲ್ಲ. ಮೋಲ್ಡಿಂಗ್ ಹತ್ತರಿಯನ್ನು ರಸ್ಕಿನ್ ಮುಂದೆ ಇಟ್ಟು ನೋಡಿ. ಅದು ಕೈಯಿಂದ ನಡೆಯುತ್ತದೆ, ವಿದ್ಯುತ್ ಬೇಡ, ಮರ ಮತ್ತು ಒಂದು ತುಂಡು ಉಕ್ಕು ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಆದರೂ ಅದು ಹುಟ್ಟಿದ್ದೇ ಕೈಯ ಏರುಪೇರನ್ನು ಅಳಿಸಲು, ನೂರು ಅಡಿ ಗೆರೆಯನ್ನು ಒಂದೇ ತೆರ ಎಳೆಯಲು. ರಸ್ಕಿನ್ ಮೆಚ್ಚುವ ಒರಟುತನ ಅದರಲ್ಲಿ ಕಂಡರೆ ಅಲಗು ಮೊಂಡಾಗಿದೆ ಎಂದರ್ಥ. ಕೈಕೆಲಸವೆಂದರೆ ಏರುಪೇರಿನ ಸೊಗಸು ಎನ್ನುವವರಿಗೆ ಹಳೆಯ ಬಡಗಿಯೇ ವಿರೋಧಿ ಸಾಕ್ಷಿ. ತನ್ನ ಕೈ ಕಾಣದಿರಲಿ ಎಂದೇ ಅವನು ದುಡಿದ.

ಇದಕ್ಕೆ ಹೆಚ್ಚು ಹತ್ತಿರ ಬರುವವನು ಡೇವಿಡ್ ಪೈ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸ ಕಲಿಸಿದವನು, ಸ್ವತಃ ಮರಗೆಲಸದವನು. 1968ರ ‘ದಿ ನೇಚರ್ ಅಂಡ್ ಆರ್ಟ್ ಆಫ್ ವರ್ಕ್‌ಮನ್‌ಶಿಪ್’ ಪುಸ್ತಕದಲ್ಲಿ ಅವನು ಕೈ ಮತ್ತು ಯಂತ್ರ ಎಂಬ ಮಾತನ್ನೇ ಬದಿಗೆ ಸರಿಸುತ್ತಾನೆ. ಅವನ ಪ್ರಕಾರ ಕೇಳಬೇಕಾದದ್ದು ಅಪಾಯ ಎಷ್ಟು ಎಂದು. ಕೆಲಸದ ಫಲ ಕೊನೆಯ ಕ್ಷಣದವರೆಗೂ ಕೆಲಸಗಾರನ ಎಚ್ಚರದ ಮೇಲೆ ನಿಂತಿದ್ದರೆ ಅದು ಅಪಾಯದ ಕುಶಲತೆ. ಫಲ ಮೊದಲೇ ನಿಶ್ಚಯವಾಗಿದ್ದರೆ ಅದು ಖಚಿತತೆಯ ಕುಶಲತೆ. ನಿಜವಾದ ಕೆಲಸಗಳಲ್ಲಿ ಎರಡೂ ಬೆರೆತಿರುತ್ತವೆ ಎಂಬುದೂ ಅವನಿಗೆ ಗೊತ್ತು. ಬಾಚಿಯನ್ನು ಬೀಸುವವನದು ಬಹುತೇಕ ಅಪಾಯದ ಕೆಲಸ, ಕಣ್ಣು ತಪ್ಪಿದರೆ ಮರ ಹಾಳು. ಹತ್ತರಿ ತನ್ನ ತಳದಿಂದಲೇ ಆಳವನ್ನು ನಿಯಂತ್ರಿಸುತ್ತದೆ, ಅಪಾಯ ಇಳಿಯುತ್ತದೆ.

ಪೈಯ ಮಾತಿಗೆ ನಾನು ಒಂದು ತಿದ್ದುಪಡಿ ಸೇರಿಸುತ್ತೇನೆ. ಮೋಲ್ಡಿಂಗ್ ಹತ್ತರಿಯಲ್ಲಿ ಅಪಾಯ ಇಲ್ಲವಾಗಿಲ್ಲ, ಜಾಗ ಬದಲಿಸಿದೆ. ಬಾಗಿಲುವಾಡದ ಮೇಲೆ ಇರಬೇಕಾದದ್ದು ಹತ್ತರಿ ತಯಾರಿಸುವ ಮೇಜಿನ ಮೇಲಕ್ಕೆ ಹೋಗಿದೆ. ಆದ್ದರಿಂದ ಈ ಗೆರೆಯ ಬಗ್ಗೆ ಕೇಳಬೇಕಾದದ್ದು ‘ಕೈಯೋ ಯಂತ್ರವೋ’ ಎಂದೂ ಅಲ್ಲ, ‘ಅಪಾಯವೋ ಖಚಿತವೋ’ ಎಂದೂ ಅಲ್ಲ. ಆಕಾರವನ್ನು ನಿರ್ಧರಿಸಿದವರು ಯಾರು, ಅದನ್ನು ಬದಲಿಸುವ ಅಧಿಕಾರ ಯಾರ ಬಳಿ ಇದೆ ಎಂದು ಕೇಳಬೇಕು.

*

ಈ ಪ್ರಶ್ನೆ ಕೇಳಿದಾಗ ನನಗೆ ನೆನಪಾಗುವ ಹೆಸರು ಸೀಸರ್ ಚೆಲರ್. ಅಮೆರಿಕದ ಮ್ಯಾಸಚೂಸೆಟ್ಸ್‌ನ ರೆಂಥಮ್ ಎಂಬ ಊರಿನಲ್ಲಿ ಫ್ರಾನ್ಸಿಸ್ ನಿಕೋಲ್ಸನ್ ಎಂಬ ಹತ್ತರಿ ತಯಾರಕನ ಬಳಿ ಗುಲಾಮನಾಗಿದ್ದ ಕಪ್ಪು ಮನುಷ್ಯ. ನಿಕೋಲ್ಸನ್ 1753ರಲ್ಲಿ ಸತ್ತಾಗ ಅವನ ಉಯಿಲು ಚೆಲರ್‌ಗೆ ಬಿಡುಗಡೆ ಕೊಟ್ಟಿತು, ಜೊತೆಗೆ ಕೆಲಸದ ಮೇಜು, ಮೋಲ್ಡಿಂಗ್ ಹತ್ತರಿ ಮಾಡುವ ಉಪಕರಣಗಳು, ಒಂದಿಷ್ಟು ಜಮೀನು. ಅಲ್ಲಿಂದ 1784ರಲ್ಲಿ ಸಾಯುವವರೆಗೆ ಅವನು ತನ್ನದೇ ಹೆಸರಿನಲ್ಲಿ ಹತ್ತರಿ ಮಾಡಿದ. ಹತ್ತರಿಯ ಮುಂಭಾಗದಲ್ಲಿ ಹೆಸರನ್ನೂ ಊರನ್ನೂ ಉಕ್ಕಿನ ಅಚ್ಚಿನಿಂದ ಒತ್ತಿದ. ಆ ಹತ್ತರಿಗಳು ಇಂದಿಗೂ ಸಂಗ್ರಹಾಲಯಗಳಲ್ಲಿವೆ. ನಿಖರ ಅಲಂಕಾರ ಕೆಲಸಗಾರನನ್ನು ಗುಲಾಮನಾಗಿಸುತ್ತದೆ ಎಂದು ರಸ್ಕಿನ್ ಬರೆಯುವ ನೂರು ವರ್ಷ ಮೊದಲೇ, ಅಕ್ಷರಶಃ ಗುಲಾಮನಾಗಿದ್ದ ಒಬ್ಬ ನಿಖರ ಅಲಂಕಾರದ ಉಪಕರಣ ಮಾಡಿ ಸ್ವತಂತ್ರ ಕಸುಬುದಾರನಾಗಿ ಬದುಕಿದ್ದ. ಅವನನ್ನು ಬಿಡಿಸಿದ್ದು ಕಸುಬಲ್ಲ, ಉಯಿಲು. ಆದರೆ ಬಿಡುಗಡೆಯ ನಂತರ ಬದುಕಲು ಅವನಿಗೆ ನೆಲೆ ಕೊಟ್ಟದ್ದು ಆಕಾರಗಳ ಮೇಲಿನ ಅವನ ಒಡೆತನ.

ನಮ್ಮಲ್ಲಿ ಹೆಸರು ಕೆತ್ತುವ ಪರಂಪರೆ ಇಲ್ಲವೆಂದಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಬಿಟ್ಟುಹೋಗಿದ್ದಾನೆ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಕಲ್ಲಿನವರು ಸಹಿ ಹಾಕಿದರು, ಆಧುನಿಕ ಕನ್ನಡ ಅವರನ್ನು ತಲೆಯ ಮೇಲೆ ಹೊತ್ತಿತು. ಬಸವನಗುಡಿಯ ಡಿ.ವಿ.ಜಿ. ಬೇಲೂರಿನ ಮದನಿಕೆಯರ ಮೇಲೆ ‘ಅಂತಃಪುರ ಗೀತೆಗಳು’ ಬರೆದರು. ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. 1964ರಲ್ಲಿ ಜಕಣಾಚಾರಿ ಬಣ್ಣದ ಸಿನಿಮಾ ಆದ. ಬಡಗಿಗೆ ಅಂಥ ಪಾಲು ಸಿಕ್ಕಲಿಲ್ಲ. 12ನೇ ಶತಮಾನದ ವಚನಕಾರರಲ್ಲಿ ಬಾಚಿಕಾಯಕದ ಬಸವಯ್ಯ ಇದ್ದಾನೆ, ಅವನ ಉಪಕರಣ ಅವನ ಹೆಸರಿನ ಭಾಗವೇ ಆಗಿದೆ. ಆ ದಾರಿಯಲ್ಲಿ ಮುಂದೆ ಹೆಚ್ಚು ಜನ ನಡೆಯಲಿಲ್ಲ. ಆಧುನಿಕ ಸಾಹಿತ್ಯದಲ್ಲಿ ಬಡಗಿ ಬಂದರೂ ಹೆಚ್ಚಾಗಿ ಉಪಮೆಯಾಗಿ ಬರುತ್ತಾನೆ. ಮನಸ್ಸನ್ನು ಕೀಸುವುದು, ಮಾತನ್ನು ನಯಗೊಳಿಸುವುದು ಇತ್ಯಾದಿ. ಕೀಸುವಾಗ ಎಳೆ ಯಾವ ಕಡೆಗೆ ಓಡುತ್ತಿತ್ತು ಎಂದು ನಾವು ಕೇಳುವುದಿಲ್ಲ.

ಇದರಲ್ಲಿ ಕಲ್ಲು ಬಾಳುತ್ತದೆ, ಮರ ಬಾಳದು ಎಂಬ ಸರಳ ಕಾರಣವೂ ಇದೆ. ಆದರೆ ಅಷ್ಟೇ ಅಲ್ಲ. ಆನಂದ ಕುಮಾರಸ್ವಾಮಿ 1909ರಲ್ಲಿ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಬರೆದಾಗ ಕುಲಕಸುಬಿನ ವ್ಯವಸ್ಥೆಯನ್ನು ಗೌರವದಿಂದ, ತುಸು ಹೆಚ್ಚೇ ಮೆಚ್ಚುಗೆಯಿಂದ ಚಿತ್ರಿಸಿದರು. ಆ ಮೆಚ್ಚುಗೆಯಲ್ಲಿ ಜಾತಿಯ ಏಣಿ ಮರೆಗೆ ಸರಿಯುತ್ತದೆ. ಅದಕ್ಕೆ ಪ್ರತಿಯಾಗಿ ಡಿ.ಆರ್. ನಾಗರಾಜ್ ‘ಟೆಕ್ನೋಸೈಡ್’ ಎಂಬ ಮಾತನ್ನು ಬಳಸಿದರು. ಕಸುಬುದಾರ ಸಮುದಾಯಗಳ ತಾಂತ್ರಿಕ ಜ್ಞಾನದ ಕೊಲೆ ಎಂದು ಅದರ ಅರ್ಥ. ನೇಕಾರರ ಮನೆಯಿಂದ ಬಂದ ವಿಮರ್ಶಕನಿಗೆ ಅದು ಸಿದ್ಧಾಂತವಷ್ಟೇ ಆಗಿರಲಿಲ್ಲ. ಬಾಗಿಲುವಾಡದ ಅಂಚು ನಷ್ಟದ ಬಾಬತ್ತಾದಾಗ ನಡೆಯುವುದೂ ಅದರದೇ ಒಂದು ಸಣ್ಣ, ಸದ್ದಿಲ್ಲದ ರೂಪ. ಇದನ್ನು ವಿಷಾದದ ವಿಷಯವಾಗಿ ಬರೆಯುವುದು ಸುಲಭ. ಅದು ಜ್ಞಾನವಾಗಿತ್ತು ಎಂದು ತೋರಿಸುವುದು ಕಷ್ಟದ ಕೆಲಸ. ವಿಮರ್ಶೆಯ ಕೆಲಸ ಅದು.

*

ತೋರಿಸುವುದು ಹೇಗೆ? ಒಂದು ದಾರಿ ಗೆರೆಯನ್ನು ಪ್ರತಿಯಂತೆ ಓದುವುದು. ಹಳೆಯ ಬಾಗಿಲುವಾಡದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ ಸುತ್ತುವ ಯಂತ್ರದ ಅಲಗು ಬಿಟ್ಟ ಗುರುತು ಅಡ್ಡ ಅಡ್ಡವಾಗಿ, ಸಣ್ಣ ಅಲೆಗಳಂತೆ ಕಾಣುತ್ತದೆ. ಹತ್ತರಿಯ ಗುರುತು ಉದ್ದುದ್ದ. ಅಲಗಿನ ಬಾಯಲ್ಲಿ ಎಲ್ಲಾದರೂ ಒಂದು ಸಣ್ಣ ಮುಕ್ಕು ಇದ್ದರೆ ಗೆರೆಯುದ್ದಕ್ಕೂ ದಾರದಂಥ ಒಂದು ಉಬ್ಬು ನಿಲ್ಲುತ್ತದೆ. ಅದೇ ದಾರ ಅದೇ ಜಾಗದಲ್ಲಿ ಇನ್ನೊಂದು ಕೋಣೆಯ ಬಾಗಿಲಿನಲ್ಲೂ ಸಿಕ್ಕರೆ ಎರಡೂ ಒಂದೇ ಹತ್ತರಿಯವು, ಸಾಣೆ ಹಿಡಿಯುವ ಮೊದಲು ಎಳೆದವು. ಗ್ರಂಥಸಂಪಾದನೆ ಓದಿದವರಿಗೆ ಇದು ಹೊಸತಲ್ಲ. ಎರಡು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಇದ್ದರೆ ಅವಕ್ಕೆ ಮೂಲ ಒಂದೇ ಎಂದು ಊಹಿಸುವುದಿಲ್ಲವೇ?

ಇನ್ನೊಂದು ದಾರಿ ಗೆರೆ ಮಾಡುವ ಕೆಲಸವನ್ನು ಗಮನಿಸುವುದು. ಅಲಂಕಾರ ಅನ್ನುವುದು ಅದರ ಅರ್ಧ ಮಾತ್ರ. ಗೋಡೆಯ ಗಾರೆ ಮತ್ತು ಮರದ ನಡುವೆ ಬಿರುಕು ಬಿಟ್ಟೇ ಬಿಡುತ್ತದೆ, ಅದನ್ನು ಮುಚ್ಚುವುದು ಗೆರೆ ಇರುವ ಪಟ್ಟಿ. ಹಲಗೆ ಜೋಡಿಸಿದ ಕದದಲ್ಲಿ ಪ್ರತಿ ಸಂದಿಯ ಪಕ್ಕಕ್ಕೆ ಒಂದು ಸಣ್ಣ ಗುಂಡನೆಯ ಗೆರೆ ಇರುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ ಸಂದಿ ಅಗಲವಾದಾಗ ಆ ಸಂದಿ ಗೆರೆಯ ನೆರಳಿನ ಭಾಗವಾಗಿ ಕಾಣುತ್ತದೆ, ದೋಷವಾಗಿ ಕಾಣುವುದಿಲ್ಲ. ಚೂಪಾದ ಮೂಲೆ ಬೇಗ ಮುಕ್ಕಾಗುತ್ತದೆ, ದುಂಡಗಿನ ಅಂಚು ತಡೆದುಕೊಳ್ಳುತ್ತದೆ. ಮರ ಜೀವಂತವಾಗಿ ಅಲುಗಾಡುತ್ತದೆ ಎಂದು ತಿಳಿದವನ ಯೋಚನೆ ಇದು.

ಮೂರನೆಯ ದಾರಿ ಹೆಸರು. ಇಲ್ಲಿ ನಮ್ಮ ಬಡತನ ಬಯಲಾಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂದ ದೊಡ್ಡ ಕೆಲಸ. ಅದರ ಹಿಂದಿದ್ದ ಜಿ. ವೆಂಕಟಸುಬ್ಬಯ್ಯ ಜಯನಗರದಲ್ಲೇ ಬಾಳಿದವರು, 107 ವರ್ಷ ಬದುಕಿದವರು. ಆ ನಿಘಂಟು ಪದಕ್ಕೆ ಗ್ರಂಥ ಮತ್ತು ಶಾಸನಗಳಿಂದ ಪ್ರಯೋಗ ಕೊಡುವ ಐತಿಹಾಸಿಕ ನಿಘಂಟು. ಆ ಪದ್ಧತಿಯ ಹೆಚ್ಚುಗಾರಿಕೆಯೇ ಅದರ ಮಿತಿಯೂ ಹೌದು. ಯಾವ ಕವಿಯೂ ಬಳಸದ, ಬಡಗಿಯ ಬಾಯಲ್ಲೇ ಉಳಿದ ಪದ ಅದರ ಬಲೆಗೆ ಸುಲಭಕ್ಕೆ ಸಿಗುವುದಿಲ್ಲ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿ ಬೇರೆ ದಾರಿ ಹಿಡಿದರು. ಊರೂರಿನ ಕಸುಬುದಾರರ ಬಾಯಿಂದಲೇ ಪದ ಸಂಗ್ರಹಿಸಿ 1962ರಲ್ಲಿ ಬೇಸಾಯದ, 1971ರಲ್ಲಿ ಕೈಮಗ್ಗದ ವೃತ್ತಿಪದಕೋಶ ತಂದರು.

ಹಿಂದಿಯ ಬಡಗಿ ಇಂಥ ಹತ್ತರಿಗೆ ‘ಗೋಲಾ ಗಲ್ತಾ’ ಎನ್ನುತ್ತಾನೆ, ದುಂಡು ಮತ್ತು ತಗ್ಗು ಎರಡೂ ಹೆಸರಿನಲ್ಲೇ ಇವೆ. ಕನ್ನಡದಲ್ಲಿ ಗೆರೆಗಳಿಗೆ ಹೆಸರೇ ಇಲ್ಲವೇ? ಇವೆ, ಆದರೆ ದೇವಸ್ಥಾನದಲ್ಲಿವೆ. ಗುಡಿಯ ಅಧಿಷ್ಠಾನವನ್ನು ವಿವರಿಸುವಾಗ ನಾವು ಉಪಾನ, ಜಗತಿ, ಕುಮುದ, ಕಂಠ, ಪದ್ಮ, ಪಟ್ಟಿಕೆ, ಕಪೋತ ಎಂದು ಸಲೀಸಾಗಿ ಹೇಳುತ್ತೇವೆ. ಕುಮುದವೆಂದರೆ ಹೊರಕ್ಕೆ ಉಬ್ಬಿದ ದುಂಡು. ಕಂಠವೆಂದರೆ ಒಳಕ್ಕೆ ಸರಿದ ತಗ್ಗು. ಪಟ್ಟಿಕೆ ಚಪ್ಪಟೆ ಪಟ್ಟಿ. ಪದ್ಮ ಬಳುಕುವ ಗೆರೆ, ಜೋಡಿ ಹತ್ತರಿಯಲ್ಲಿ ತಗ್ಗು ತಳದ್ದನ್ನೂ ಉಬ್ಬು ತಳದ್ದನ್ನೂ ಒಂದರ ಪಕ್ಕ ಒಂದು ಓಡಿಸಿದರೆ ಬರುವುದು. ಬಸವನಗುಡಿಯ ಮನೆಗಳ ಗೆರೆ ಬಹುಮಟ್ಟಿಗೆ ಯುರೋಪಿನ ಮಾದರಿಗಳಿಂದ ಬಂದದ್ದು, ಅದನ್ನು ಬಲವಂತವಾಗಿ ಶಿಲ್ಪಶಾಸ್ತ್ರಕ್ಕೆ ಸೇರಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬೆಳಕು ಬಿದ್ದಾಗ ಉಬ್ಬು, ತಗ್ಗು, ಪಟ್ಟಿ ಹೇಗೆ ನೆರಳು ಚೆಲ್ಲುತ್ತವೆ ಎಂಬ ವ್ಯಾಕರಣ ಎರಡೂ ಕಡೆ ಒಂದೇ. ಗುಡಿಯ ಕಲ್ಲಿಗೆ ಇರುವ ಪದ ಮನೆಯ ಮರಕ್ಕೆ ಯಾಕೆ ಇಳಿದು ಬರಬಾರದು?

*

ಈಗ ಇವತ್ತಿನ ಮಾತು. ಜೆ.ಪಿ. ನಗರದ ಯಾವುದೇ ಪ್ಲೈವುಡ್ ಅಂಗಡಿಗೆ ಹೋದರೆ ಗೆರೆ ರನ್ನಿಂಗ್ ಫುಟ್ ಲೆಕ್ಕದಲ್ಲಿ ಸಿಗುತ್ತದೆ. ಬಡಗಿಯ ಚೀಲದಲ್ಲಿ ರೂಟರ್ ಇದೆ, ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ದಾಟಿ ತಿರುಗುವ ಯಂತ್ರ. ಅದರ ಬಿಟ್ಟಿನಲ್ಲೂ ಆಕಾರ ಅಡಗಿದೆ, ಥೇಟ್ ಹತ್ತರಿಯ ತಳದ ಹಾಗೆ. ‘ಆಕಾರ ಉಪಕರಣದಲ್ಲಿದೆ’ ಎಂಬಷ್ಟೇ ಆಧಾರದ ಮೇಲೆ ರೂಟರನ್ನು ಬಯ್ಯುವ ಹಾಗಿಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ಕಾರ್ಬೈಡ್ ಬಿಟ್ಟಿನ ಆಕಾರ ಕೆಲಸಗಾರನ ಅರಕ್ಕೆ ಬಗ್ಗುವುದಿಲ್ಲ. ಕ್ಯಾಟಲಾಗಿನಲ್ಲಿ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ಮನೆಯವರು ಆರಿಸುತ್ತಾರೆ, ಬಡಗಿ ಓಡಿಸುತ್ತಾನೆ, ಇಬ್ಬರೂ ನಿರ್ಧರಿಸಿದ್ದಲ್ಲ ಅದು.

ಇದಕ್ಕೆ ಉತ್ತರವಾಗಿ ನಗರದಲ್ಲಿ ಹೊಸ ಆಸಕ್ತಿ ಹುಟ್ಟಿದೆ. ವಾರಾಂತ್ಯದ ಮರಗೆಲಸದ ತರಗತಿಗಳು, ಆಮದು ಹತ್ತರಿಗಳು, ಬಾಲ್ಕನಿಯ ಮೇಜುಗಳು. ನನ್ನ ಬಾಲ್ಕನಿಯಲ್ಲೂ ಒಂದು ಜೋಡಿ ಇದೆ, ಆ ಸಂತೋಷ ನನಗೂ ಗೊತ್ತು. ಆದರೆ ಒಡೆತನದ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗುತ್ತದೆ. ಹೊರದೇಶದಿಂದ ತರಿಸಿದ ಹತ್ತರಿಯಿಂದ, ಹೊರದೇಶದ ಪುಸ್ತಕದ ಗೆರೆಯನ್ನು, ಬಿಡುವಿನ ವೇಳೆಯಲ್ಲಿ ಎಳೆಯುವ ನನಗಿಂತ, ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಸಿಎನ್‌ಸಿ ಯಂತ್ರದ ಮುಂದೆ ಕೂತು ತಾನೇ ಒಂದು ಹೊಸ ಗೆರೆ ಬರೆದು ಕೊರೆಯಬಲ್ಲ ಹುಡುಗ ಚೆಲರ್‌ಗೆ ಹೆಚ್ಚು ಹತ್ತಿರದವನು. ಕೈ ಎಂಬುದೇ ಮಾನದಂಡವಾದರೆ ಈ ಮಾತು ಅಸಂಬದ್ಧ. ಆಕಾರದ ಅಧಿಕಾರ ಮಾನದಂಡವಾದರೆ ಇದು ಸಹಜ. ಆ ಹುಡುಗನಿಗೆ ಅಂಥ ಅವಕಾಶ ಸಿಗುವುದು ಅಪರೂಪ, ಬಹುತೇಕ ಅವನು ಯಾರೋ ಕಳಿಸಿದ ಫೈಲನ್ನು ಓಡಿಸುತ್ತಾನೆ ಎಂಬುದೇ ನಮ್ಮ ಕಾಲದ ಮೇಲಿನ ನಿಜವಾದ ದೂರು.

ಮರದ ಹತ್ತರಿಯನ್ನು ಉಳಿಸಬೇಕೇ ಎಂದು ಕೇಳಿದರೆ ನನ್ನ ಉತ್ತರ ಹೌದು, ಆದರೆ ಗಾಜಿನ ಪೆಟ್ಟಿಗೆಯಲ್ಲಿ ಅಲ್ಲ. ಕೆಲವು ಮಂದಿ ಅದನ್ನು ಮಾಡುವುದನ್ನು ಕಲಿತಿರಬೇಕು. ಒಂದು ಆಕಾರವನ್ನು ಮನಸ್ಸಿನಿಂದ ಕಾಗದಕ್ಕೆ, ಕಾಗದದಿಂದ ಉಕ್ಕಿಗೆ, ಉಕ್ಕಿನಿಂದ ಮರಕ್ಕೆ ತರುವ ಪೂರ್ತಿ ದಾರಿ ಒಬ್ಬನ ಕೈಯಳತೆಯಲ್ಲೇ ಇರಬಲ್ಲದು ಎಂಬುದಕ್ಕೆ ಅದಕ್ಕಿಂತ ಸರಳ ಪುರಾವೆ ಇಲ್ಲ. ಯಂತ್ರದ ಮುಂದೆ ಕೂತವನಿಗೂ ಆ ದಾರಿ ಗೊತ್ತಿದ್ದರೆ ಕ್ಯಾಟಲಾಗಿನಾಚೆ ಯೋಚಿಸುವ ಧೈರ್ಯ ಬರುತ್ತದೆ.

ಓದುಗರಾದ ನಮ್ಮ ಪಾಲಿಗೆ ಇರುವ ಕೆಲಸ ಸಣ್ಣದು, ಆದರೆ ತುರ್ತಿನದು. ನಿಮ್ಮ ಬೀದಿಯಲ್ಲಿ ಮನೆ ಬೀಳುತ್ತಿದ್ದರೆ, ಬಾಗಿಲುವಾಡ ಲಾರಿ ಹತ್ತುವ ಮೊದಲು ಕೊಯ್ದ ತುದಿಯ ಮೇಲೆ ಒಂದು ಹಾಳೆ ಒತ್ತಿ ಪೆನ್ಸಿಲ್ಲಿನಿಂದ ಗೆರೆಯ ಆಕಾರವನ್ನು ಬರೆದುಕೊಳ್ಳಿ. ಬೀದಿಯ ಹೆಸರು, ಮನೆ ಕಟ್ಟಿದ ವರ್ಷ ಗೊತ್ತಾದರೆ ಅದನ್ನೂ ಬರೆಯಿರಿ. ಪರಿಚಯದ ಹಿರಿಯ ಬಡಗಿಯೊಬ್ಬರಿಗೆ ಆ ಹಾಳೆ ತೋರಿಸಿ, ಇದಕ್ಕೆ ನೀವು ಏನನ್ನುತ್ತಿದ್ದಿರಿ ಎಂದು ಕೇಳಿ. ಅವರು ಹೇಳುವ ಪದ ಯಾವ ನಿಘಂಟಿನಲ್ಲೂ ಇಲ್ಲದಿರಬಹುದು. ಅದನ್ನು ಆ ಆಕಾರದ ಪಕ್ಕದಲ್ಲೇ ಬರೆದಿಡಿ.